ಇಂಟರ್ನೆಟ್‌ಗೆ ಜೋಡಿಸಿದ ಉಪಕರಣಗಳು: ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೋಟಾರು ಸ್ಟಾರ್ಟರ್, ಕ್ಯಾಮೆರಾ, ಹವಾಮಾನ ಮಾಪಕ ಮುಂತಾದವುಗಳನ್ನು ಕೂಡಿಸುವ ಮತ್ತು ದುರಸ್ತಿ ಮಾಡುವ ಕೆಲಸವನ್ನು ನಾನು ವಿಜಯಪುರದಲ್ಲಿ ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ತಿಕೋಟಾದ ದ್ರಾಕ್ಷಿ ಬೆಳೆಗಾರರು, ಜಮಖಂಡಿಯ ಕಬ್ಬಿನ ರೈತರು, ಬೆಳಗಾವಿಯ ಸಣ್ಣ ಕಾರ್ಖಾನೆಗಳವರು ಮತ್ತು ಮನೆಗೆ ಕ್ಯಾಮೆರಾ ಹಾಕಿಸಬೇಕೆನ್ನುವ ನಿವೃತ್ತ ಶಿಕ್ಷಕರು ಕೇಳುವ ಪ್ರಶ್ನೆಗಳು ಹೊರನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ದುಡ್ಡು ಕೊಟ್ಟು ತಂದ ಈ ಸಾಮಾನು ನಾಳೆಯೂ ನಮ್ಮ ಮಾತು ಕೇಳುತ್ತದೆಯೇ ಎಂಬುದು ಎಲ್ಲರ ಚಿಂತೆ. ಉತ್ತರಗಳನ್ನು ಆ ಚಿಂತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ಇಂಟರ್ನೆಟ್‌ಗೆ ಜೋಡಿಸಿದ ಉಪಕರಣ ಎಂದರೆ ಏನು? ಮೊಬೈಲ್ ಕೂಡ ಅದೇ ಅಲ್ಲವೇ?

ಮೊಬೈಲ್ ಮತ್ತು ಕಂಪ್ಯೂಟರ್‌ಗಳನ್ನು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಂಪು, ಮೀಟರು, ಬಸ್ಸು, ಮಳೆಮಾಪಕ ಇಂತಹ ತನ್ನದೇ ಬೇರೆ ಕೆಲಸವಿರುವ ವಸ್ತುವೊಂದು ತನ್ನ ಸ್ಥಿತಿಯನ್ನು ತಾನೇ ಅಳೆದು ದೂರದ ಸರ್ವರ್ ಎಂಬ ಕಂಪ್ಯೂಟರ್‌ಗೆ ಕಳುಹಿಸಿದರೆ, ಅಥವಾ ಅಲ್ಲಿಂದ ಬಂದ ಸೂಚನೆಯಂತೆ ನಡೆದುಕೊಂಡರೆ, ಅದು ಇಂಟರ್ನೆಟ್‌ಗೆ ಜೋಡಿಸಿದ ಉಪಕರಣ. ವಸ್ತುಗಳ ಅಂತರ್ಜಾಲ ಅಥವಾ ಐಒಟಿ ಎನ್ನುವುದು ಇದನ್ನೇ. ಈ ಹೆಸರನ್ನು 1999ರಲ್ಲಿ ಕೆವಿನ್ ಆಶ್ಟನ್ ಎಂಬವರು ಸರಕುಗಳಿಗೆ ರೇಡಿಯೊ ಚೀಟಿ ಅಂಟಿಸಿ ಲೆಕ್ಕವಿಡುವ ವಿಚಾರವನ್ನು ವಿವರಿಸುವಾಗ ಬಳಸಿದರು. ಕೆಲಸ ಮಾತ್ರ ಅದಕ್ಕಿಂತ ಹಳೆಯದು: ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಆರಂಭದಲ್ಲೇ ತಂಪುಪಾನೀಯದ ಯಂತ್ರವೊಂದನ್ನು ಕಂಪ್ಯೂಟರ್ ಜಾಲಕ್ಕೆ ಜೋಡಿಸಿ, ಬಾಟಲಿ ಇದೆಯೇ, ತಣ್ಣಗಾಗಿದೆಯೇ ಎಂದು ಕುಳಿತಲ್ಲಿಂದಲೇ ನೋಡುತ್ತಿದ್ದರು.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸುತ್ತೇನೆ. ನಿಮ್ಮ ಗಾಡಿಯ ಗಾಜಿನ ಮೇಲಿರುವ ಫಾಸ್ಟ್ಯಾಗ್ ಇಂಟರ್ನೆಟ್‌ಗೆ ಜೋಡಣೆಯಾಗಿಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಟೋಲ್ ನಾಕೆಯಲ್ಲಿರುವ ರೀಡರ್ ಕಳುಹಿಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ಹೇಳುತ್ತದೆ, ಅಷ್ಟೆ. ಜಾಲಕ್ಕೆ ಜೋಡಣೆಯಾಗಿರುವುದು ಆ ರೀಡರ್. ಹಾಗೆಯೇ ಮಿಸ್ಡ್ ಕಾಲ್ ಕೊಟ್ಟರೆ ಪಂಪನ್ನು ಚಾಲೂ ಮಾಡುವ ಹಳೆಯ ಮಾದರಿಯ ಮೊಬೈಲ್ ಸ್ಟಾರ್ಟರ್‌ಗೂ ಇಂಟರ್ನೆಟ್ ಬೇಕಿಲ್ಲ. ಈ ವ್ಯತ್ಯಾಸ ಮುಂದೆ ಖರೀದಿಯ ಹೊತ್ತಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಇವು ಈಗಾಗಲೇ ಇವೆಯೇ, ಅಥವಾ ಇನ್ನು ಬರಬೇಕೇ?

ನಾವು ಗಮನಿಸದೆಯೇ ಬಂದು ನೆಲೆಸಿವೆ. ನಿಮ್ಮ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ, ಹೆಚ್ಚಾಗಿ ಪಂಚಾಯಿತಿ ಅಥವಾ ಶಾಲೆಯ ಆವರಣದಲ್ಲಿ, ಸಣ್ಣ ಸೌರಫಲಕ ಹೊತ್ತ ಒಂದು ಮಳೆಮಾಪಕ ಇರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಾದ್ಯಂತ ಇಂತಹ ಸುಮಾರು 6,500 ಮಾಪಕಗಳನ್ನು ನಿಲ್ಲಿಸಿದೆ, ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣಾಂಶ, ತೇವಾಂಶ ಅಳೆಯುವ ಕೇಂದ್ರಗಳೂ ಇವೆ. ಅವು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಂಕಿಗಳನ್ನು ಕಳುಹಿಸುತ್ತವೆ. ಇದೇ ಮಾಹಿತಿಯ ಆಧಾರದ ಮೇಲೆ ನಡೆಯುವ ವರುಣ ಮಿತ್ರ ಸಹಾಯವಾಣಿಗೆ ರೈತರು ಕರೆ ಮಾಡಿ ತಮ್ಮ ಊರಿನ ಹವಾಮಾನ ಮುನ್ಸೂಚನೆ ಕೇಳಬಹುದು. ನನ್ನ ದೃಷ್ಟಿಯಲ್ಲಿ ನಮ್ಮ ಸೀಮೆಯ ಅತ್ಯಂತ ಉಪಯುಕ್ತ ಐಒಟಿ ಉಪಕರಣ ಇದೇ, ಏಕೆಂದರೆ ಬರ ಘೋಷಣೆಯ ಪ್ರಶ್ನೆ ಬಂದಾಗ ಎಷ್ಟು ಮಳೆಯಾಯಿತು ಎಂಬುದಕ್ಕೆ ಬಾಯಿಮಾತಿನ ಬದಲು ಊರುವಾರು ಅಂಕಿ ಸಿಗುತ್ತದೆ.

ನೀರಾವರಿಯಲ್ಲಿ ಎರಡು ದೊಡ್ಡ ಉದಾಹರಣೆಗಳು ಹತ್ತಿರದಲ್ಲೇ ಇವೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ಆಧುನಿಕಗೊಳಿಸಿ ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ವ್ಯವಸ್ಥೆಯನ್ನು ಅಳವಡಿಸಲಾಗಿದ್ದು, ಆ ಯೋಜನೆಯ ಉದ್ಘಾಟನೆ 2023ರ ಜನವರಿಯಲ್ಲಿ ನಡೆಯಿತು. ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರಿಗೆ ಕೃಷ್ಣೆಯ ನೀರನ್ನು ಹನಿ ನೀರಾವರಿಯಲ್ಲಿ ಕೊಡುವ ವಿನ್ಯಾಸವಿದೆ. ಇಷ್ಟು ದೊಡ್ಡ ಕ್ಷೇತ್ರದಲ್ಲಿ ಕೊಳವೆ, ಫಿಲ್ಟರ್, ಕವಾಟಗಳ ದಿನನಿತ್ಯದ ನಿಗಾ ತಪ್ಪಿದರೆ ಎಂತಹ ಯಾಂತ್ರೀಕರಣವೂ ಕೈಕೊಡುತ್ತದೆ ಎಂಬುದನ್ನು ಈ ಭಾಗದ ರೈತರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಉಳಿದವುಗಳನ್ನು ಚಿಕ್ಕದಾಗಿ ಹೇಳುವುದಾದರೆ, 2019ರ ಜನವರಿಯಿಂದ ಹೊಸದಾಗಿ ನೋಂದಣಿಯಾಗುವ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಸ್ಥಾನ ತಿಳಿಸುವ ಸಾಧನ ಮತ್ತು ತುರ್ತು ಗುಂಡಿಯ ನಿಯಮ ಬಂದಿತು. ಬೆಳಗಾವಿ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ಸೇರಿತ್ತು, ನಗರದ ಕ್ಯಾಮೆರಾ ಮತ್ತು ಇತರ ಸೇವೆಗಳನ್ನು ಒಂದೆಡೆ ನೋಡುವ ನಿಯಂತ್ರಣ ಕೇಂದ್ರ ಅದರ ಫಲ.

ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವುದು ಒಳ್ಳೆಯದೇ?

ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಒಳ್ಳೆಯದು, ಮತ್ತು ಅದರ ಕಾರಣ ಸುಖಕ್ಕಿಂತ ದೊಡ್ಡದು. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ, ಪಾಳಿ ರಾತ್ರಿಗೆ ಬಿದ್ದಾಗ ರೈತ ಬ್ಯಾಟರಿ ಹಿಡಿದು ಕಬ್ಬಿನ ಸಾಲುಗಳ ನಡುವೆ ಹೋಗಿ ಮೋಟಾರು ಹಾಕಬೇಕಾಗುತ್ತದೆ. ಆ ದಾರಿಯಲ್ಲಿ ಹಾವು, ಚೇಳು, ಕೆಸರು ಎಲ್ಲವೂ ಇವೆ. ಕರೆಂಟ್ ಬಂದಿತೇ, ಮೋಟಾರು ಓಡುತ್ತಿದೆಯೇ ಎಂದು ಮನೆಯಲ್ಲೇ ತಿಳಿದರೆ ಒಂದು ಜೀವಕ್ಕೆ ಎದುರಾಗಬಹುದಾದ ಅಪಾಯ ತಪ್ಪುತ್ತದೆ.

ಆದರೆ ಕೊಳ್ಳುವಾಗ ದೂರದಿಂದ ಆನ್ ಮಾಡುವ ಸೌಲಭ್ಯಕ್ಕಿಂತ ಮೊದಲು ರಕ್ಷಣೆಯ ಸೌಲಭ್ಯಗಳನ್ನು ಕೇಳಿ. ಮೂರು ಫೇಸಿನಲ್ಲಿ ಒಂದು ತಪ್ಪಿದಾಗ ಮೋಟಾರನ್ನು ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಕೊಳವೆಬಾವಿಯಲ್ಲಿ ನೀರು ತಳ ಕಂಡಾಗ ಮೋಟಾರು ಎಳೆಯುವ ಕರೆಂಟ್ ಇಳಿಯುತ್ತದೆ, ಅದನ್ನು ಗುರುತಿಸಿ ಬಂದ್ ಮಾಡಬೇಕು. ಈ ಎರಡೂ ನಿರ್ಧಾರಗಳನ್ನು ಸ್ಟಾರ್ಟರ್ ಪೆಟ್ಟಿಗೆಯೇ ಅಲ್ಲಿಯೇ ತೆಗೆದುಕೊಳ್ಳಬೇಕು, ಸರ್ವರ್ ಕೇಳಿ ಉತ್ತರ ಬರುವವರೆಗೆ ಕಾಯುವಂತಿರಬಾರದು. ಹಾಗೆಯೇ ಪೆಟ್ಟಿಗೆಯ ಮೇಲೆ ಕೈಯಿಂದ ಒತ್ತುವ ಹಸಿರು ಮತ್ತು ಕೆಂಪು ಗುಂಡಿಗಳು ಇರಲೇಬೇಕು. ಸಿಮ್ ರೀಚಾರ್ಜ್ ಮುಗಿದ ದಿನ ಬೆಳೆಗೆ ನೀರು ನಿಲ್ಲುವ ಸಾಮಾನನ್ನು ಯಾರಿಗೂ ಕೊಳ್ಳಿರೆಂದು ನಾನು ಹೇಳುವುದಿಲ್ಲ.

ಇನ್ನೊಂದು ವಿಷಯ ನಿಮಗಿಂತ ನಿಮ್ಮ ನೆರೆಹೊರೆಯವರಿಗೆ ಸಂಬಂಧಿಸಿದ್ದು. ಇಂಡಕ್ಷನ್ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲೆ ಹದಿನೈದು ಪಂಪ್‌ಸೆಟ್‌ಗಳಿದ್ದು, ಎಲ್ಲದಕ್ಕೂ ಆಟೋ ಸ್ಟಾರ್ಟರ್ ಇದ್ದರೆ, ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಎಳೆದು ಟಿಸಿ ಸುಟ್ಟುಹೋಗುವ ಸಂಭವವಿದೆ. ಸುಟ್ಟ ಟಿಸಿ ಬದಲಾಗಿ ಬರುವವರೆಗೆ ಬೆಳೆ ಒಣಗುತ್ತದೆ, ಮತ್ತು ಆ ದಿನಗಳಲ್ಲಿ ಊರಿನ ಜಗಳಗಳೂ ಹೆಚ್ಚುತ್ತವೆ. ಆದುದರಿಂದ ಕರೆಂಟ್ ಬಂದ ಮೇಲೆ ಎಷ್ಟು ನಿಮಿಷ ತಡೆದು ಚಾಲೂ ಆಗಬೇಕು ಎಂಬುದನ್ನು ಹೊಂದಿಸಬಹುದಾದ ಸ್ಟಾರ್ಟರನ್ನೇ ಕೊಳ್ಳಿರಿ, ಮತ್ತು ಒಂದೇ ಟಿಸಿಯವರು ಕೂಡಿ ಕುಳಿತು ಒಬ್ಬೊಬ್ಬರು ಒಂದೊಂದು ನಿಮಿಷ ಹಂಚಿಕೊಳ್ಳಿರಿ. ಇದಕ್ಕೆ ಖರ್ಚಿಲ್ಲ.

ದುರಸ್ತಿಗೆ ಬರುವ ಪೆಟ್ಟಿಗೆಗಳಲ್ಲಿ ನಾನು ಕಾಣುವ ದೋಷ ಎಲೆಕ್ಟ್ರಾನಿಕ್ಸ್‌ಗಿಂತ ಹೆಚ್ಚಾಗಿ ಇರುವೆಯದ್ದು. ಹೋದ ಮಳೆಗಾಲದಲ್ಲಿ ತಿಕೋಟಾ ಕಡೆಯ ಒಂದು ತೋಟದ ಪೆಟ್ಟಿಗೆ ತೆರೆದಾಗ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಎರಡು ತುದಿಗಳ ನಡುವೆ ಸತ್ತ ಇರುವೆಗಳು ಒಂದು ಕಪ್ಪು ಬತ್ತಿಯಂತೆ ಅಂಟಿಕೊಂಡಿದ್ದವು, ಪಕ್ಕದಲ್ಲಿ ಸುಟ್ಟ ಹಲ್ಲಿಯ ಬಾಲವಿತ್ತು. ಮಾಲೀಕರು ಕಂಪನಿಯ ಸರ್ವರ್ ಕೆಟ್ಟಿದೆ ಎಂದು ತಿಳಿದು ನಾಲ್ಕು ದಿನ ಕಾದಿದ್ದರು. ವೈರು ಒಳಹೋಗುವ ತೂತುಗಳನ್ನು ರಬ್ಬರ್ ಗ್ಲ್ಯಾಂಡ್ ಹಾಕಿ ಮುಚ್ಚಿದ್ದರೆ ಇದು ಆಗುತ್ತಿರಲಿಲ್ಲ.

ಎರೆ ಭೂಮಿಯಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಸರಿಯಾದ ಅಂಕಿ ಕೊಡುತ್ತದೆಯೇ?

ಕೂಡಿಸಿದ ಮೇಲೆ ಅದನ್ನು ನಮ್ಮ ಮಣ್ಣಿಗೆ ಹೊಂದಿಸದಿದ್ದರೆ ಕೊಡುವುದಿಲ್ಲ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬಿರುಕು ಸೆನ್ಸರಿನ ಪಕ್ಕದಲ್ಲೇ ಬಿದ್ದರೆ ಅದು ಮಣ್ಣಿನ ಬದಲು ಗಾಳಿಯನ್ನು ಅಳೆಯುತ್ತದೆ, ಆಗ ಆ್ಯಪ್‌ನಲ್ಲಿ ಹೊಲ ಪೂರ್ತಿ ಒಣಗಿದೆ ಎಂದು ತೋರಿಸುತ್ತದೆ. ಮರಳು ಮಿಶ್ರಿತ ಮಸಾರಿ ಭೂಮಿಗೆ ಹೊಂದಿಸಿದ ಅಂಕಿಗಳನ್ನು ಹಾಗೆಯೇ ಎರೆ ಭೂಮಿಗೆ ಬಳಸಿದರೂ ತಪ್ಪು ಬರುತ್ತದೆ, ಏಕೆಂದರೆ ಜಿಗುಟು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಪ್ರಮಾಣವೇ ಬೇರೆ. ಸೆನ್ಸರ್ ಹುಗಿಯುವಾಗ ಅದೇ ಹೊಲದ ಮಣ್ಣನ್ನು ಕೆಸರಿನಂತೆ ಕಲಸಿ ಅದರ ಸುತ್ತ ಒತ್ತಬೇಕು, ಡ್ರಿಪ್ಪರಿನ ಅತಿ ಹತ್ತಿರವೂ ಅಲ್ಲದೆ ಅತಿ ದೂರವೂ ಅಲ್ಲದೆ ಬೇರಿನ ಆಳದಲ್ಲಿ ಇಡಬೇಕು, ಮೊದಲ ಒಂದೆರಡು ತಿಂಗಳು ಕೈಯಲ್ಲಿ ಮಣ್ಣು ಹಿಡಿದು ನೋಡಿದ ಅಂದಾಜಿಗೂ ಆ್ಯಪ್‌ನ ಅಂಕಿಗೂ ತಾಳೆ ನೋಡಬೇಕು. ಅಂಗೈಯ ಅಂದಾಜು ಮತ್ತು ಅಂಕಿ ಕೂಡಿ ಬಂದ ಮೇಲೆ ಅದನ್ನು ನಂಬಬಹುದು.

ದ್ರಾಕ್ಷಿ ತೋಟದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಎಲೆಯ ತೇವ ಅಳೆಯುವ ಸೆನ್ಸರ್ ಮೇಲೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವ ಕೆಲಸದ) ನಂತರ ಡೌನಿ ಎಂಬ ಬೂಜು ರೋಗ ತಗಲುವುದು ಎಲೆಯ ಮೇಲೆ ನೀರು ಎಷ್ಟು ತಾಸು ನಿಂತಿತ್ತು ಮತ್ತು ಆಗ ಉಷ್ಣಾಂಶ ಎಷ್ಟಿತ್ತು ಎಂಬುದರ ಮೇಲೆ. ಆಕಾಶ ನೋಡಿ ಹೆದರಿ ಹೊಡೆಯುವ ಔಷಧಿಯ ಸುತ್ತುಗಳನ್ನು ಈ ಅಂಕಿಗಳು ಕಡಿಮೆ ಮಾಡಬಲ್ಲವು. ದ್ರಾಕ್ಷಿ ಬೆಳೆಗಾರರ ಖರ್ಚಿನಲ್ಲಿ ಔಷಧಿಯ ಪಾಲು ಎಷ್ಟೆಂದು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಗಾಳಿಯ ತೇವಾಂಶ ಅಳೆಯುವುದಕ್ಕೆ ಇಷ್ಟು ದುಬಾರಿ ವ್ಯವಸ್ಥೆ ಬೇಕಿಲ್ಲ, ಕೆಲವು ನೂರು ರೂಪಾಯಿಗಳ ಸಾದಾ ಮಾಪಕವನ್ನು ತೂಗುಹಾಕಿದರೆ ಸಾಕು.

ಹೊಲದಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಏನು ಮಾಡಬೇಕು?

ವೈಫೈ ಮನೆಯ ಗೋಡೆಯೊಳಗಿನ ಮಾತು, ಅದನ್ನು ಹೊಲಕ್ಕೆ ಎಳೆಯಬೇಡಿ. ಸಿಮ್ ಹಾಕುವ ಉಪಕರಣವಾದರೆ ಅದು 2ಜಿಯದೋ 4ಜಿಯದೋ ಎಂದು ಮೊದಲು ಕೇಳಿ. ಅಗ್ಗದ ಹಲವು ಪೆಟ್ಟಿಗೆಗಳಲ್ಲಿ ಇಂದಿಗೂ 2ಜಿ ಮಾಡೆಮ್ ಇರುತ್ತದೆ, ಜಿಯೋದಲ್ಲಿ 2ಜಿ ಸೇವೆಯೇ ಇಲ್ಲ, ಮತ್ತು ಜಗತ್ತಿನ ಅನೇಕ ಕಡೆ 2ಜಿಯನ್ನು ನಿಲ್ಲಿಸುತ್ತಾ ಬಂದಿದ್ದಾರೆ. ಹತ್ತು ವರ್ಷ ಬಾಳಬೇಕಾದ ಸಾಮಾನಿಗೆ 2ಜಿ ನಂಬುವುದು ಸರಿಯಲ್ಲ. ಸಣ್ಣ ಸಣ್ಣ ಸಂದೇಶಗಳಿಗೆಂದೇ 2016ರಲ್ಲಿ ನಿಗದಿಯಾದ ಎನ್‌ಬಿ-ಐಒಟಿ ಎಂಬ ಮೊಬೈಲ್ ತಂತ್ರಜ್ಞಾನ ದುರ್ಬಲ ಸಿಗ್ನಲ್‌ನಲ್ಲೂ ಕೆಲಸ ಮಾಡುತ್ತದೆ, ಬ್ಯಾಟರಿಯನ್ನೂ ಉಳಿಸುತ್ತದೆ.

ನಮ್ಮ ಬಯಲು ಸೀಮೆಗೆ ಇನ್ನೂ ಚೆನ್ನಾಗಿ ಒಗ್ಗುವುದು ಲೋರಾ ಎಂಬ, ಸಣ್ಣ ಸಂದೇಶಗಳನ್ನು ಕಡಿಮೆ ಶಕ್ತಿಯಲ್ಲಿ ದೂರ ಕಳುಹಿಸುವ ರೇಡಿಯೊ ವಿಧಾನ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನ ರೇಡಿಯೊ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದು. ಒಂದು ಎತ್ತರದ ಮನೆಯ ಮಾಳಿಗೆಯ ಮೇಲೋ ನೀರಿನ ಟಾಕಿಯ ಮೇಲೋ ಗೇಟ್‌ವೇ, ಅಂದರೆ ಸೆನ್ಸರ್‌ಗಳ ಸಂದೇಶ ಹಿಡಿದು ಇಂಟರ್ನೆಟ್‌ಗೆ ದಾಟಿಸುವ ಪೆಟ್ಟಿಗೆ, ಇಟ್ಟರೆ, ಮರ ಗುಡ್ಡಗಳ ಅಡ್ಡಿ ಕಡಿಮೆಯಿರುವ ಕಡೆ ಹಲವು ಕಿಲೋಮೀಟರ್ ದೂರದ ಸೆನ್ಸರ್‌ಗಳು ಅದನ್ನು ತಲುಪುತ್ತವೆ. ಸೆನ್ಸರ್‌ಗೆ ಸಿಮ್ ಬೇಡ, ಗೇಟ್‌ವೇಗೆ ಒಂದೇ ಸಂಪರ್ಕ ಸಾಕು. ಒಬ್ಬ ರೈತನಿಗೆ ಇದು ಭಾರವಾದೀತು, ಇಪ್ಪತ್ತು ಜನ ಕೂಡಿದರೆ ಅಥವಾ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ ಮುಂದೆ ಬಂದರೆ ಹಗುರವಾಗುತ್ತದೆ. ಸಹಕಾರ ಚಳವಳಿ ಹುಟ್ಟಿದ ಗದಗ ಸೀಮೆಯ ಪಕ್ಕದಲ್ಲೇ ಇರುವ ನಮಗೆ ಇಂತಹ ಯೋಚನೆ ಹೊಸದಾಗಿ ಕಲಿಯುವಂಥದ್ದಲ್ಲ.

ಕಂಪನಿಯೇ ಮುಚ್ಚಿಹೋದರೆ ನನ್ನ ಉಪಕರಣದ ಗತಿ ಏನು?

ಉಪಕರಣ ಕೊಳ್ಳುವಾಗ ನೀವು ಮೂರು ವಸ್ತುಗಳನ್ನು ಕೊಳ್ಳುತ್ತಿದ್ದೀರಿ: ಕೈಗೆ ಬರುವ ಪೆಟ್ಟಿಗೆ, ಅದನ್ನು ಹೊರಜಗತ್ತಿಗೆ ಜೋಡಿಸುವ ಸಂಪರ್ಕ, ಮತ್ತು ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರ್. ಬೆಲೆ ಚೀಟಿಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಉಳಿದ ಎರಡರಲ್ಲಿ ಒಂದು ನಿಂತರೂ ಪೆಟ್ಟಿಗೆ ಮೂಕವಾಗುತ್ತದೆ. ಇದು ಕಲ್ಪನೆಯಲ್ಲ. ಗೂಗಲ್ ಬಳಗದ ನೆಸ್ಟ್ ತನ್ನ ವಶಕ್ಕೆ ಬಂದ ರಿವಾಲ್ವ್ ಎಂಬ ಮನೆ ನಿಯಂತ್ರಣ ಸಾಧನದ ಸೇವೆಯನ್ನು 2016ರಲ್ಲಿ ನಿಲ್ಲಿಸಿದಾಗ ಗ್ರಾಹಕರ ಮನೆಯಲ್ಲಿದ್ದ ಪೆಟ್ಟಿಗೆಗಳು ನಿರುಪಯೋಗಿಯಾದವು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಮನೆ ಉಪಕರಣಗಳ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಬಂದ್ ಆದವು, ಆಮೇಲೆ ಬಳಕೆದಾರರ ಗುಂಪೊಂದು ಅದನ್ನು ಕೊಂಡು ಮತ್ತೆ ಎಬ್ಬಿಸಬೇಕಾಯಿತು.

ಇದಕ್ಕಾಗಿ ನಾನು ಅಂಗಡಿಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಮಾರುವವರ ಎದುರಿನಲ್ಲೇ ರೂಟರ್ ಬಂದ್ ಮಾಡಿಸಿ, ಅಥವಾ ಸಿಮ್ ತೆಗೆಸಿ, ಉಪಕರಣ ತನ್ನ ಮೂಲ ಕೆಲಸವನ್ನು ಮಾಡುತ್ತದೆಯೇ ನೋಡಿ. ದೀಪ ಗೋಡೆಯ ಸ್ವಿಚ್ಚಿಗೆ ಹತ್ತಬೇಕು. ಕ್ಯಾಮೆರಾ ಒಳಗಿನ ಕಾರ್ಡಿಗೆ ದಾಖಲಿಸಬೇಕು. ಹನಿ ನೀರಾವರಿಯ ಕವಾಟ ಕೊನೆಯದಾಗಿ ಕೊಟ್ಟ ವೇಳಾಪಟ್ಟಿಯಂತೆ ತೆರೆದು ಮುಚ್ಚಬೇಕು. ಇದಾದ ಮೇಲೆ, ಸೇವೆಯ ಶುಲ್ಕ ಎಷ್ಟು ವರ್ಷಕ್ಕೆ ಸೇರಿದೆ ಮತ್ತು ಆಮೇಲೆ ಎಷ್ಟು ಕೊಡಬೇಕು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮನೆಯ ಕ್ಯಾಮೆರಾವನ್ನು ಹೊರಗಿನವರು ನೋಡಬಹುದೇ?

ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದರೆ ನೋಡುವುದು ಸುಲಭ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲೇ ಹಾಕಿ ಕಳುಹಿಸುವ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಲಕ್ಷಾಂತರ ಕ್ಯಾಮೆರಾ, ದೃಶ್ಯ ದಾಖಲಿಸುವ ಡಿವಿಆರ್ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಇಂತಹ ಉಪಕರಣಗಳ ಸೇನೆ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಒಮ್ಮೆಲೇ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಅಮೆರಿಕದ ಬಹುಭಾಗದಲ್ಲಿ ತೆರೆಯಲಿಲ್ಲ. ಆ ಕ್ಯಾಮೆರಾಗಳ ಮಾಲೀಕರಿಗೆ ತಮ್ಮ ಮನೆಯ ವಸ್ತು ಇಂತಹ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬ ಸುಳಿವೂ ಇರಲಿಲ್ಲ, ಅವರ ಕ್ಯಾಮೆರಾಗಳು ಎಂದಿನಂತೆ ಚಿತ್ರ ತೋರಿಸುತ್ತಲೇ ಇದ್ದವು.

ಕಾನೂನು ಅಂದಿನಿಂದ ಮುಂದೆ ಬಂದಿದೆ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲರಿಗೂ ಒಂದೇ ಬಗೆಯ ಪೂರ್ವನಿಗದಿತ ಪಾಸ್‌ವರ್ಡನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗುತ್ತವೆ. ಭಾರತದಲ್ಲಿಯೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆ ಎನ್ನುವವರಲ್ಲಿ ಆ ಪ್ರಮಾಣಪತ್ರದ ಬಗ್ಗೆ ಕೇಳಿ.

ನೀವು ಇಂದೇ ಮಾಡಬಹುದಾದದ್ದು ಇಷ್ಟು: ಪಾಸ್‌ವರ್ಡ್ ಬದಲಿಸಿ, ತಂತ್ರಾಂಶದ ನವೀಕರಣ ಬಂದರೆ ಹಾಕಿಸಿ, ರೂಟರ್‌ನಲ್ಲಿ ಅತಿಥಿಗಳಿಗೆಂದು ಇರುವ ಪ್ರತ್ಯೇಕ ವೈಫೈಗೆ ಕ್ಯಾಮೆರಾವನ್ನು ಸೇರಿಸಿ. ಕೂಡಿಸಿ ಹೋದ ಮನುಷ್ಯನ ಮೊಬೈಲ್‌ನಲ್ಲಿ ನಿಮ್ಮ ಮನೆಯ ಆ್ಯಪ್ ಉಳಿದಿದೆಯೇ ಎಂದೂ ಕೇಳಿ. ನಾನು ಈ ಕೆಲಸ ಮಾಡುವವನಾಗಿಯೇ ಹೇಳುತ್ತೇನೆ, ಕೆಲಸ ಮುಗಿದ ಮೇಲೆ ಮಾಲೀಕರ ಎದುರಿನಲ್ಲೇ ಖಾತೆಯನ್ನು ಅವರ ಹೆಸರಿಗೆ ವರ್ಗಾಯಿಸಿ ನಮ್ಮ ಮೊಬೈಲ್‌ನಿಂದ ಅಳಿಸುವುದು ನಮ್ಮ ಕರ್ತವ್ಯ. ಮಲಗುವ ಕೋಣೆಗೆ ಕ್ಯಾಮೆರಾ ಬೇಡ ಎಂಬ ನನ್ನ ಸಲಹೆಗೆ ಇನ್ನೂ ವಿನಾಯಿತಿ ಕೊಟ್ಟಿಲ್ಲ. ಹಣಕ್ಕೆ ಸಂಬಂಧಿಸಿದ ಸೈಬರ್ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಉಪಕರಣ ಕಲೆಹಾಕುವ ಮಾಹಿತಿ ಯಾರದು?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಮುಂದುವರಿಕೆಯೆಂಬಂತೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಕೊಡುವ, ಕೊಟ್ಟದ್ದನ್ನು ಹಿಂಪಡೆಯುವ, ಮಾಹಿತಿಯನ್ನು ತಿದ್ದಿಸುವ ಮತ್ತು ಅಳಿಸುವ ಹಕ್ಕುಗಳು ಅದರಲ್ಲಿವೆ.

ಆದರೆ ಅದು ವ್ಯಕ್ತಿಗೆ ಸಂಬಂಧಿಸಿದ ಮಾಹಿತಿಯ ಕಾಯ್ದೆ. ನಿಮ್ಮ ಹೊಲದ ತೇವಾಂಶ, ಕೊಳವೆಬಾವಿಯ ನೀರಿನ ಮಟ್ಟ, ಕಬ್ಬಿನ ಬೆಳವಣಿಗೆಯ ಅಂಕಿಗಳನ್ನು ಹೆಸರು ತೆಗೆದು ಒಟ್ಟುಗೂಡಿಸಿದರೆ ಆ ರಕ್ಷಣೆ ಸಿಗುವುದು ಕಷ್ಟ. ಹತ್ತು ಸಾವಿರ ಹೊಲಗಳ ಅಂಕಿ ಕೈಯಲ್ಲಿರುವವರಿಗೆ ಈ ಸಲ ಇಳುವರಿ ಎಷ್ಟು, ಧಾರಣೆ ಎತ್ತ ಹೋಗುತ್ತದೆ ಎಂಬುದು ರೈತನಿಗಿಂತ ಮೊದಲು ತಿಳಿಯುತ್ತದೆ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ. ಅಂಕಿಗಳನ್ನು ನೀವೇ ಪೂರ್ತಿಯಾಗಿ ಇಳಿಸಿಕೊಳ್ಳಲು ಬರುತ್ತದೆಯೇ, ಮೂರನೆಯವರಿಗೆ ಕೊಡುವುದಿಲ್ಲ ಎಂದು ಬರೆದುಕೊಡುತ್ತಾರೆಯೇ ಎಂದು ಕೇಳದೆ ಸಹಿ ಹಾಕಬೇಡಿ.

ಸ್ಮಾರ್ಟ್ ಮೀಟರ್ ಬಗ್ಗೆ ಹೆದರಬೇಕೇ?

ಹೆದರುವ ಅಗತ್ಯವಿಲ್ಲ, ತಿಳಿದುಕೊಳ್ಳುವ ಅಗತ್ಯವಿದೆ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ, ವಿದ್ಯುತ್ ವಿತರಣೆಯನ್ನು ಸುಧಾರಿಸುವ ಆರ್‌ಡಿಎಸ್‌ಎಸ್ ಯೋಜನೆ ದೇಶದಲ್ಲಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್‌ಗಳ ಗುರಿ ಇಟ್ಟುಕೊಂಡಿತ್ತು. ಈ ಮೀಟರ್ ಬಳಕೆಯನ್ನು ಕೆಲವೇ ನಿಮಿಷಗಳ ಅಂತರದಲ್ಲಿ ದಾಖಲಿಸುತ್ತದೆ ಮತ್ತು ದೂರದಿಂದಲೇ ಸಂಪರ್ಕ ಕಡಿಯಬಲ್ಲದು. ಮನೆಯಲ್ಲಿ ಜನ ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಊರಲ್ಲಿ ಇರುವುದಿಲ್ಲ ಎಂಬುದು ಅದರ ಅಂಕಿಯಿಂದ ತಿಳಿಯುತ್ತದೆ, ಆದ್ದರಿಂದ ಆ ಮಾಹಿತಿಯ ಕಾವಲು ಮುಖ್ಯ. ನಿಮ್ಮ ಊರಿಗೆ ಯಾವಾಗ, ಯಾವ ದರದಲ್ಲಿ ಎಂಬುದಕ್ಕೆ ಹೆಸ್ಕಾಂ ಶಾಖಾ ಕಚೇರಿಯ ಮಾತನ್ನೇ ಪ್ರಮಾಣವೆಂದು ತಿಳಿಯಿರಿ.

ಒಂದು ಕಂಪನಿಯ ಬಲ್ಬು ಇನ್ನೊಂದು ಕಂಪನಿಯ ಆ್ಯಪ್‌ನಲ್ಲಿ ನಡೆಯುತ್ತದೆಯೇ?

ಮ್ಯಾಟರ್ ಎಂಬ ಸಾಮಾನ್ಯ ಮಾನದಂಡ 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಆ್ಯಪಲ್, ಗೂಗಲ್, ಅಮೆಜಾನ್ ಮೂವರೂ ಅದನ್ನು ಒಪ್ಪಿದ್ದಾರೆ, ಮತ್ತು ಅದರ ಉಪಕರಣಗಳು ಮನೆಯೊಳಗಿನ ಜಾಲದಲ್ಲೇ ಪರಸ್ಪರ ಮಾತನಾಡಬಲ್ಲವು. ಪೆಟ್ಟಿಗೆಯ ಮೇಲೆ ಆ ಗುರುತು ಇದ್ದರೆ ಕೊಳ್ಳಿ. ಹೊಲದ ಉಪಕರಣಗಳಿಗೆ ಇಂತಹ ಒಮ್ಮತ ಇನ್ನೂ ಬಂದಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಏನಾಗಬಹುದು?

ಭವಿಷ್ಯ ಹೇಳುವವರು ಈ ಕ್ಷೇತ್ರದಲ್ಲಿ ಹಿಂದೆ ಬಹಳ ದೊಡ್ಡದಾಗಿಯೇ ತಪ್ಪಿದ್ದಾರೆ. 2020ರ ಹೊತ್ತಿಗೆ 5,000 ಕೋಟಿ ಉಪಕರಣಗಳು ಜೋಡಣೆಯಾಗುತ್ತವೆ ಎಂದು ಎರಿಕ್ಸನ್ ಕಂಪನಿ 2010ರಲ್ಲಿ ಮತ್ತು ಸಿಸ್ಕೊ ಕಂಪನಿ ಅದರ ಮರುವರ್ಷ ಹೇಳಿದ್ದವು. ಮೊಬೈಲ್ ಮತ್ತು ಕಂಪ್ಯೂಟರ್ ಬಿಟ್ಟು ನೋಡಿದರೆ 2020ರ ದಶಕದ ಮಧ್ಯದಲ್ಲೂ ಆ ಸಂಖ್ಯೆ 2,000 ಕೋಟಿಯ ಆಸುಪಾಸಿನಲ್ಲೇ ಇದೆ ಎಂದು ಮಾರುಕಟ್ಟೆಯ ಅಂದಾಜುಗಳು ಹೇಳುತ್ತವೆ. ಸಂಖ್ಯೆ ಕಡಿಮೆಯಾಯಿತೆಂದು ನಾನು ದುಃಖಿಸುವುದಿಲ್ಲ, ಉಪಯೋಗವಿಲ್ಲದ ಕಡೆ ಜನ ದುಡ್ಡು ಹಾಕಲಿಲ್ಲ ಎಂಬುದೇ ಅದರ ಅರ್ಥ.

ನನಗೆ ಸ್ಪಷ್ಟವಾಗಿ ಕಾಣುವ ಬದಲಾವಣೆಗಳಲ್ಲಿ ಮೊದಲನೆಯದು, ನಿರ್ಧಾರ ಸರ್ವರ್‌ನಿಂದ ಉಪಕರಣದೊಳಕ್ಕೆ ಇಳಿಯುತ್ತಿರುವುದು. ಕೆಲವು ನೂರು ರೂಪಾಯಿಯ ಚಿಪ್ಪು ಈಗ ಮೋಟಾರಿನ ಅದುರುವಿಕೆಯನ್ನು ಕೇಳಿ ಬೇರಿಂಗ್ ಸವೆಯುತ್ತಿದೆ ಎಂದು ಅಲ್ಲಿಯೇ ಗುರುತಿಸಬಲ್ಲದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ, ರಬಕವಿ-ಬನಹಟ್ಟಿಯ ಮಗ್ಗಗಳಿಗೆ ಇದು ದೊಡ್ಡ ಯಂತ್ರ ಕೊಳ್ಳದೆಯೇ ಸಿಗುವ ಅನುಕೂಲ. ಎರಡನೆಯದು ಉಪಗ್ರಹ. 2022ರಲ್ಲಿ ಅಂತಿಮಗೊಂಡ ಮೊಬೈಲ್ ಮಾನದಂಡದಲ್ಲೇ ಟವರ್ ಇಲ್ಲದ ಕಡೆ ಸಣ್ಣ ಉಪಕರಣಗಳು ಉಪಗ್ರಹದೊಡನೆ ಮಾತನಾಡುವ ವಿಧಾನ ಸೇರಿದೆ, ಅದು ಅಗ್ಗವಾದ ದಿನ ನೆಟ್‌ವರ್ಕ್ ಸಿಗದ ಹೊಲ ಎಂಬ ಮಾತು ಕಡಿಮೆಯಾಗುತ್ತದೆ.

ಇನ್ನು ಕಬ್ಬು. ನೆರೆಯ ಬಾರಾಮತಿಯ ಕೃಷಿ ಅಭಿವೃದ್ಧಿ ಟ್ರಸ್ಟ್, ಮೈಕ್ರೋಸಾಫ್ಟ್ ಸಹಯೋಗದಲ್ಲಿ ಹೊಲದ ಹವಾಮಾನ ಕೇಂದ್ರ, ಮಣ್ಣಿನ ಸೆನ್ಸರ್ ಮತ್ತು ಉಪಗ್ರಹ ಚಿತ್ರಗಳನ್ನು ಸೇರಿಸಿ ಕಬ್ಬಿಗೆ ಕೃತಕ ಬುದ್ಧಿಮತ್ತೆಯ ಸಲಹೆ ಕೊಡುವ ಪ್ರಯೋಗ ನಡೆಸಿದೆ, ಅಥಣಿ ಚಿಕ್ಕೋಡಿ ಕಡೆಯ ರೈತರು ಅದನ್ನು ನನ್ನಲ್ಲಿ ವಿಚಾರಿಸುತ್ತಲೇ ಇರುತ್ತಾರೆ. ಅಲ್ಲಿಯ ಫಲವನ್ನು ಇಲ್ಲಿಗೆ ತರುವ ಮೊದಲು ನಮ್ಮ ಮಣ್ಣು, ನಮ್ಮ ತಳಿ, ನಮ್ಮ ನೀರಿನ ಉಪ್ಪಿನಂಶದಲ್ಲಿ ಒಂದು ಪೂರ್ತಿ ಬೆಳೆಯ ಪರೀಕ್ಷೆಯಾಗಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ನಮ್ಮಲ್ಲೇ ಇರುವಾಗ ಅಂತಹ ಪರೀಕ್ಷೆ ನಡೆಸಿ ಫಲಿತಾಂಶವನ್ನು ಕನ್ನಡದಲ್ಲಿ ಬಹಿರಂಗಪಡಿಸಬೇಕೆಂಬುದು ನನ್ನ ಆಸೆ.

ಮಗ ಡಿಪ್ಲೊಮಾ ಓದುತ್ತಿದ್ದಾನೆ. ಇದರಲ್ಲಿ ಉದ್ಯೋಗವಿದೆಯೇ?

ಇದೆ, ಮತ್ತು ಬೆಂಗಳೂರಿಗೆ ಹೋಗದೆಯೇ ಇದೆ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಐದಾರು ನೂರು ರೂಪಾಯಿಗೆ ತಂದು ಮನೆಯ ಟಾಕಿಯ ನೀರಿನ ಮಟ್ಟ ತೋರಿಸುವ ಸಾಧನವೊಂದನ್ನು ಅವನೇ ಮಾಡಲಿ, ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯನ್ನು ಕಲಿಯಲಿ. ಅದು 1999ರಲ್ಲಿ ತೈಲ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ರೂಪಿಸಿದ್ದು, ಸಂಪರ್ಕ ಆಗಾಗ ಕಡಿಯುವ ಕಡೆಗೆಂದೇ ಮಾಡಿದ್ದರಿಂದ ನಮ್ಮ ಹೊಲಗಳಿಗೂ ಸರಿಹೊಂದುತ್ತದೆ. ಇದರ ಜೊತೆ ತ್ರೀ ಫೇಸ್ ವೈರಿಂಗನ್ನು ಸುರಕ್ಷಿತವಾಗಿ ಮಾಡಲು ಕಲಿತವನಿಗೆ ನಮ್ಮಲ್ಲಿ ಕೆಲಸಕ್ಕೆ ಕೊರತೆಯಾಗುವುದಿಲ್ಲ. ಕೋಡ್ ಬರೆಯಬಲ್ಲ ಹುಡುಗರು ಸಿಗುತ್ತಾರೆ, ಸ್ಟಾರ್ಟರ್ ಪೆಟ್ಟಿಗೆಯನ್ನೂ ಬಿಚ್ಚಬಲ್ಲವರು ವಿರಳ.

ಹಳೆಯ ಉಪಕರಣವನ್ನು ಮಾರುವಾಗ ಅಥವಾ ಬಿಸಾಡುವಾಗ ಏನು ಮಾಡಬೇಕು?

ಮೊದಲು ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದ ಉಪಕರಣವನ್ನು ತೆಗೆದುಹಾಕಿ, ಆಮೇಲೆ ಉಪಕರಣದ ಮೇಲಿನ ಸಣ್ಣ ತೂತಿನೊಳಗೆ ಪಿನ್ನು ಒತ್ತಿ ಹಿಡಿದು ಕಾರ್ಖಾನೆಯ ಸ್ಥಿತಿಗೆ ಮರಳಿಸಿ. ಈ ಕ್ರಮ ತಲೆಕೆಳಗಾದರೆ ಕೆಲವು ಉಪಕರಣಗಳು ಹಳೆಯ ಖಾತೆಗೇ ಬೀಗ ಬಿದ್ದು, ಕೊಂಡವರಿಗೆ ಚಾಲೂ ಮಾಡಲು ಬರುವುದಿಲ್ಲ. ಮೆಮೊರಿ ಕಾರ್ಡು ಮತ್ತು ಸಿಮ್ ತೆಗೆದಿಟ್ಟುಕೊಳ್ಳಿ, ಸಿಮ್ಮನ್ನು ನಿಮ್ಮ ಹೆಸರಿನಿಂದ ರದ್ದು ಮಾಡಿಸಿ. ಹೊಲದ ಸೆನ್ಸರ್‌ಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಅದನ್ನು ತಿಪ್ಪೆಗೆ ಎಸೆದರೆ ಬೆಂಕಿ ಹತ್ತಬಹುದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಮರುಬಳಕೆಯ ಹೊಣೆ ತಯಾರಕರ ಮೇಲಿದೆ, ಹಾಗಾಗಿ ಕೊಂಡ ಅಂಗಡಿಯಲ್ಲೇ ಅದನ್ನು ಎಲ್ಲಿಗೆ ಕೊಡಬೇಕೆಂದು ಕೇಳಿ. ಪೆಟ್ಟಿಗೆಯ ಒಳಗಿನ ಕಾಂಟ್ಯಾಕ್ಟರ್ ಮತ್ತು ರಿಲೇ ಒಳ್ಳೆಯ ಸ್ಥಿತಿಯಲ್ಲಿದ್ದರೆ ದುರಸ್ತಿ ಮಾಡುವವರಿಗೆ ಕೊಡಿ. ಅದರಿಂದ ಇನ್ನೊಬ್ಬರ ಮೋಟಾರು ಒಂದೆರಡು ವರ್ಷ ಓಡುತ್ತದೆ.